ಬಾಮೈದನ ಬೆರಳು

ಹೊಸ ಮ್ಯಾನೇಜರನ ಹೆಸರಿನ ಫಲಕವನ್ನು ಗೋಡೆಗೆ ಬಡಿಯುವಾಗ ಅದನ್ನು ನೆಟ್ಟಗೆ ಹಿಡಿದು ನಿಂತವಳು ಬಿಲ್ಲಕ್ಕನೇ. ಆ ಕುರ್ಚಿ ನಿನ್ನದೇ ಎಂದು ಯಜಮಾನರು ಬಾಯಿಬಿಟ್ಟು ಹೇಳಿದ್ದರು. ಹೇಳಿದ್ದು ಅವಳಿಗೆ, ಕೊಟ್ಟದ್ದು ಹೆಂಡತಿಯ ತಮ್ಮನಿಗೆ.

ಅದು ಲಿಫ್ಟ್ ರಿಪೇರಿ ಮಾಡುವ ಕಂಪನಿ. ಮೊದಲೆಲ್ಲ ವಸೂಲಿಗೆ ಹೋದವರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ, "ಲಿಫ್ಟೇ ಓಡ್ತಿಲ್ಲ, ದುಡ್ಡು ಯಾವುದಕ್ಕೆ?" ಎಂದು ಬೈಸಿಕೊಂಡು ಬರಿಗೈಲಿ ಇಳಿಯುತ್ತಿದ್ದರು. ಬಿಲ್ಲನ್ನು ಗ್ರಾಹಕರ ಮೊಬೈಲಿಗೇ ಕಳಿಸುವ ವ್ಯವಸ್ಥೆ ತಂದವಳು ಅವಳು. ಮೆಸೇಜಿನಲ್ಲಿ ಒಂದು ಲಿಂಕ್ ಇರುತ್ತದೆ. ಒತ್ತಿದರೆ ಹಣ ಕಂಪನಿಯ ಖಾತೆಗೆ, ರಸೀದಿ ಅವರ ಕೈಗೆ. ಜನ ಅವಳ ಹೆಸರನ್ನೇ ಮರೆತು ಬಿಲ್ಲಕ್ಕ ಎಂದು ಕರೆಯತೊಡಗಿದ್ದು ಆಗಲೇ. ಈಗ ಅದೇ ವ್ಯವಸ್ಥೆಗೆ ಒಡೆಯ, ಲಿಂಕಿಗೂ ಸ್ವಿಚ್ಚಿಗೂ ವ್ಯತ್ಯಾಸ ತಿಳಿಯದ ಬಾಮೈದ.

ಅವನು ಕೆಟ್ಟವನಾಗಿದ್ದರೆ ಅವಳ ಹೊಟ್ಟೆ ಇಷ್ಟು ಉರಿಯುತ್ತಿರಲಿಲ್ಲವೇನೋ. "ಅಕ್ಕಾ, ಇದೊಂಚೂರು ನೋಡಿ" ಎಂದು ಹಿಂದೆ ಮುಂದೆ ಸುತ್ತುತ್ತಿದ್ದ. ಅವಳ ಕುರ್ಚಿ ಕಿರುಗುಟ್ಟುತ್ತದೆಂದು ತಾನೇ ಎಣ್ಣೆ ಹಾಕಿದ. ಪಾಸ್‌ವರ್ಡನ್ನೂ ಅವಳಿಗೇ ಒಪ್ಪಿಸಿದ್ದ: "ನಂಗೆ ನೆನಪಿರಲ್ಲ, ನೀವೇ ಇಟ್ಕೊಳ್ಳಿ."

ಅವಳು ಇಟ್ಟುಕೊಂಡಳು.

ಕಳ್ಳರು ಸಿಕ್ಕಿಬೀಳುವುದು ಯಾಕೆಂದು ಬಿಲ್ಲಕ್ಕ ಚೆನ್ನಾಗಿ ಯೋಚಿಸಿದ್ದಳು. ಆಸೆಯಿಂದ. ಕದ್ದದ್ದನ್ನು ಎಲ್ಲೋ ಒಂದು ಕಡೆ ಇಡಬೇಕು, ಎಂದೋ ಒಂದು ದಿನ ತೆಗೆಯಬೇಕು. ಆ ದಾರಿ ಹಿಡಿದೇ ಪೊಲೀಸರು ಮನೆಬಾಗಿಲಿಗೆ ಬರುತ್ತಾರೆ. ಅವಳಿಗೆ ಹಣ ಬೇಡ. ಅವನು ಹೋದರೆ ಸಾಕು. ಹಣ ಬಾಮೈದನ ಹೆಸರಿನ ಖಾತೆಗೆ ಹೋಗಿ ಅಲ್ಲೇ ಕೂತಿರಲಿ. ತಾನು ಅದರಲ್ಲಿ ಒಂದು ಕಾಸನ್ನೂ ಮುಟ್ಟದಿದ್ದರೆ ತನ್ನ ನೆರಳೂ ಅಲ್ಲಿ ಬೀಳುವುದಿಲ್ಲ.

ಕೆಲಸಕ್ಕೆ ಸೇರುವಾಗ ಅವನು ಕೊಟ್ಟ ಗುರುತಿನ ಚೀಟಿ, ಫೋಟೋ, ಸಹಿ ಎಲ್ಲವೂ ಅವಳ ಕಪಾಟಿನಲ್ಲೇ ಇದ್ದವು. ಅವನ ಹಳೆಯ ಮೊಬೈಲು ಅವನ ಮೇಜಿನ ಡ್ರಾಯರಿನಲ್ಲೇ ಬಿದ್ದಿತ್ತು. ಸಿಮ್ಮಿಗೆ ಇನ್ನೂ ಜೀವವಿತ್ತು. ಅವನು ಊಟಕ್ಕೆ ಹೋದ ಒಂದು ಮಧ್ಯಾಹ್ನ ಅವನದೇ ಕಂಪ್ಯೂಟರಿನಲ್ಲಿ ಕೂತು, ಆನ್‌ಲೈನ್ ಪಾವತಿಯ ಕಂಪನಿಯೊಂದರಲ್ಲಿ ಹಣ ಪಡೆಯುವ ಖಾತೆಯನ್ನು ಅವನ ಹೆಸರಲ್ಲಿ ತೆರೆದಳು. ಬಂದ ಓಟಿಪಿಯನ್ನು ಆ ಹಳೆಯ ಮೊಬೈಲಿನಿಂದಲೇ ಓದಿ ಹಾಕಿದಳು. ಆ ತಿಂಗಳ ಬಿಲ್ಲುಗಳಲ್ಲಿ ಕಂಪನಿಯ ಲಿಂಕ್ ತೆಗೆದು ಹೊಸದನ್ನು ಕೂರಿಸಿದಳು. ಡ್ರಾಯರ್ ಮುಚ್ಚಿ, ಕುರ್ಚಿಯನ್ನು ಅವನು ಬಿಟ್ಟುಹೋದ ಓರೆಗೇ ತಿರುಗಿಸಿಟ್ಟಳು.

ಮರುದಿನ ಬೆಳಿಗ್ಗೆ ಅವನನ್ನು ಕರೆದು ಪರದೆ ತೋರಿಸಿದಳು.

"ಎಲ್ಲಾ ರೆಡಿ ಇದೆ. ಕಳಿಸೋದೊಂದೇ ಬಾಕಿ."

"ನೀವೇ ಕಳಿಸಿಬಿಡಿ ಅಕ್ಕಾ."

"ಛೆ, ಮ್ಯಾನೇಜರ್ ಇರುವಾಗ ನಾನ್ಯಾಕೆ? ನೀವೇ ಒತ್ತಿ."

ಅವನು ಮಗುವಿನ ಹಾಗೆ ನಕ್ಕ. ಬೆರಳನ್ನು ಅಂಗಿಗೆ ಒರೆಸಿಕೊಂಡು ಒತ್ತಿದ. ಬಿಲ್ಲುಗಳು ಹೊರಟವು. ಹಾವು ಸತ್ತಿತು, ಕೋಲೂ ಮುರಿಯಲಿಲ್ಲ ಎಂದುಕೊಂಡಳು ಬಿಲ್ಲಕ್ಕ.

ಮುಂದಿನದೆಲ್ಲ ಅವಳು ಎಣಿಸಿದಂತೆಯೇ ನಡೆಯಿತು. ಕಟ್ಟಿದವರಿಗೂ "ನಿಮ್ಮ ಹಣ ಬಂದಿಲ್ಲ" ಎಂಬ ನೆನಪೋಲೆ ಹೋಯಿತು. ಹೋಟೆಲೊಂದರ ಒಡತಿ ಕೆಂಡವಾಗಿ ಬಂದು ತನ್ನ ಮೊಬೈಲನ್ನು ಯಜಮಾನರ ಮುಖಕ್ಕೇ ಹಿಡಿದಳು. "ಕಟ್ಟಿದೀನಿ, ನೋಡ್ರಿ! ಇದ್ಯಾರ ಹೆಸರು?"

ಯಜಮಾನರು ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

ಒಡತಿಯನ್ನು ಸಮಾಧಾನ ಮಾಡಿ ಕಳಿಸಿ, ಬಾಗಿಲು ಹಾಕಿಸಿ, ಇಬ್ಬರನ್ನೂ ಒಳಗೆ ಕರೆದರು.

"ಭಾವಾ, ನನ್ನ ಮಕ್ಕಳಾಣೆಗೂ ನಾನು ಆ ಖಾತೆ ತೆರೆದಿಲ್ಲ."

"ಮತ್ತೆ ನಿನ್ನ ಹೆಸರು, ನಿನ್ನ ನಂಬರು ಆಕಾಶದಿಂದ ಉದುರಿತಾ? ಪೊಲೀಸರನ್ನ ಕರೆದ್ರೆ ನಿಮ್ಮಕ್ಕ ಊಟ ಬಿಡ್ತಾಳೆ, ಕರೀದೆ ಇದ್ರೆ ನಾನು ಕಂಪನಿ ಬಾಗಿಲು ಹಾಕ್ಬೇಕು. ಏನು ಮಾಡ್ಲೋ?" ಅವರು ಬಿಲ್ಲಕ್ಕನ ಕಡೆ ತಿರುಗಿದರು. "ನೀನಾದ್ರೂ ಹೇಳಮ್ಮ. ಬಿಲ್ ಕಳಿಸಿದ್ದು ಯಾರು?"

"ಕಳಿಸಿದ್ದು ಅವರೇ ಯಜಮಾನ್ರೇ." ಅವಳು ತಲೆ ತಗ್ಗಿಸಿದಳು. "ಹೇಳೋಕೆ ಬಾಯೇ ಬರ್ತಿಲ್ಲ."

"ನಾನೇ ಒತ್ತಿದ್ದು, ಹೌದು," ಎಂದ ಅವನು. ಆಮೇಲೆ ತಟ್ಟನೆ ತಲೆಯೆತ್ತಿದ. "ಖಾತೆ ನನ್ನ ಹೆಸರಲ್ಲಿದೆ ಅಂದ್ಮೇಲೆ, ನಾನು ಕೇಳಿದ್ರೆ ಅವರು ಹೇಳಲೇಬೇಕಲ್ವಾ? ಅಕ್ಕಾ, ಆ ಖಾತೆ ಕೊಟ್ಟ ಕಂಪನಿಯವರ ನಂಬರ್ ಹಾಕಿಕೊಡಿ. ಇಲ್ಲೇ, ಭಾವನ ಎದುರಿಗೇ ಕೇಳ್ತೀನಿ."

ಕೇಳಲಿ, ಎಂದುಕೊಂಡಳು ಬಿಲ್ಲಕ್ಕ. ಅಲ್ಲಿರುವುದೆಲ್ಲ ಗ್ರಾಹಕರ ಹೆಸರು, ಅವನ ಹೆಸರು, ಅವನ ಕಂಪ್ಯೂಟರು. ಅವಳೇ ನಂಬರ್ ಒತ್ತಿ, ಸ್ಪೀಕರ್ ಹಾಕಿ, ಫೋನನ್ನು ಮೇಜಿನ ನಡುವೆ ಇಟ್ಟಳು. ಅವನು ಡ್ರಾಯರಿನಿಂದ ಹಳೆಯ ಮೊಬೈಲು ತಂದು, ಅದಕ್ಕೆ ಬಂದ ಅಂಕಿಗಳನ್ನೂ ತನ್ನ ಹುಟ್ಟಿದ ದಿನವನ್ನೂ ತಡವರಿಸುತ್ತ ಹೇಳಿ, ಹಣ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಕೇಳಿದ. ಇನ್ನು ಸ್ವಲ್ಪ ಹೊತ್ತಿಗೆ ಆ ಕುರ್ಚಿ ಖಾಲಿಯಾಗುತ್ತದೆ ಎಂದು ಬಿಲ್ಲಕ್ಕ ಕೈಕಟ್ಟಿ ನಿಂತಳು.

"ಈ ಖಾತೆಯಿಂದ ಹಣ ಹೊರಗೆ ಹೋಗಿಲ್ಲ ಸರ್," ಎಂದಿತು ಆಚೆಯ ಹುಡುಗಿಯ ದನಿ. "ಬಂದಿರೋದೆಲ್ಲ ನಿಮ್ಮ ಬಿಲ್ಲುಗಳದ್ದೇ. ಮೊಟ್ಟಮೊದಲನೇದು ಮಾತ್ರ ಮಿಕ್ಕಿದ್ದಕ್ಕಿಂತ ಒಂದು ದಿನ ಮುಂಚೆ ಬಂದಿದೆ. ಒಂದೇ ಒಂದು ರೂಪಾಯಿ. ಲಿಂಕ್ ಕೆಲಸ ಮಾಡುತ್ತಾ ಅಂತ ಯಾರೋ ಅವರ ಫೋನಿಂದ ಕಟ್ಟಿ ನೋಡಿರೋ ಹಾಗಿದೆ. ಹೆಸರು ಹೇಳ್ಲಾ ಸರ್?" ಇಷ್ಟು ವರ್ಷ ಯಾವ ಹೊಸ ಲಿಂಕನ್ನೂ ಬಿಲ್ಲಕ್ಕ ಮೊದಲು ತಾನೊಂದು ರೂಪಾಯಿ ಕಟ್ಟಿ ನೋಡದೆ ಗ್ರಾಹಕರಿಗೆ ಕಳಿಸಿದವಳಲ್ಲ; ಆ ಮಧ್ಯಾಹ್ನವೂ, ಊಟವಾದ ಮೇಲೆ ಕೈ ತೊಳೆಯುವಷ್ಟೇ ಸಹಜವಾಗಿ, ಕಟ್ಟಿಬಿಟ್ಟಿದ್ದಳು. "ಹೇಳಮ್ಮ," ಎಂದರು ಯಜಮಾನರು. ಕಚೇರಿಯಲ್ಲಿ ಯಾರೂ ಬಳಸದೆ ಮರೆತೇಹೋಗಿದ್ದ ಅವಳ ನಿಜವಾದ ಹೆಸರನ್ನು ಆ ಹುಡುಗಿ ಒಂದೊಂದೇ ಅಕ್ಷರವಾಗಿ ಓದಿದಳು. ಅದು ಯಾರೆಂದು ಬಾಮೈದನಿಗೆ ಕೂಡಲೇ ಹೊಳೆಯಲಿಲ್ಲ, ಅವನು ಎಂದಿನಂತೆ ಅವಳ ಕಡೆಗೇ ತಿರುಗಿ ಕೇಳಿದ, "ಇದ್ಯಾರು ಅಕ್ಕಾ, ನಿಮಗೇನಾದ್ರೂ ಗೊತ್ತಾ?"