ಕಥೆಯಲ್ಲಿ ಬರೆಯದ ಫೋನ್ ಕರೆ

ಅವನ ಕನ್ನಡಕದ ಅಂಗಡಿಗೆ ಕಾಲಿಟ್ಟಾಗ ಅವನು ತಲೆ ಎತ್ತಲಿಲ್ಲ. ಫ್ರೇಮೊಂದರ ಪುಟ್ಟ ಸ್ಕ್ರೂ ತಿರುಗಿಸುತ್ತಲೇ ಇದ್ದ. ಬೇರೆ ದಿನವಾಗಿದ್ದರೆ ನನ್ನ ಚಪ್ಪಲಿಯ ಸದ್ದಿಗೇ ಕಣ್ಣಂಚಿನಲ್ಲಿ ನಕ್ಕು, "ಬಂದ್ರಾ ಕಥೆಗಾರ್ತಿ?" ಎನ್ನುತ್ತಿದ್ದ.

"ಅಕ್ಕ ಓದಿದ್ಲು," ಎಂದ.



ಆ ವಾರದ ಪತ್ರಿಕೆಯಲ್ಲಿ ಬಂದ ನನ್ನ ಕಥೆಯಲ್ಲಿ, ಆಸ್ಪತ್ರೆಯಲ್ಲಿ ಅಮ್ಮ ಕೊನೆಯುಸಿರೆಳೆಯುವಾಗ ಮಗ ನದಿಯ ದಂಡೆಯಲ್ಲಿ ಒಬ್ಬನೇ ಕೂತಿರುತ್ತಾನೆ. ಎರಡು ವರ್ಷದ ಹಿಂದೆ ಇವನೂ ಸಾಯುತ್ತಿದ್ದ ಅಮ್ಮನ ಪಕ್ಕದಲ್ಲಿರದೆ ನದಿಯ ದಂಡೆಯಲ್ಲಿದ್ದ. ಔಷಧಿ ತರಲು ಹೋಗಿದ್ದೆ ಎಂದು ಅಕ್ಕನಿಗೆ ಸುಳ್ಳು ಹೇಳಿದ್ದ.

"ಮಾತು ಬಿಟ್ಟಿದಾಳೆ. ಅಮ್ಮ ಸಾಯೋವಾಗ ಗಾಳಿ ತಗೊಳ್ಳೋಕೆ ಹೋಗಿದ್ಯಾ ಅಂತ ಒಂದೇ ಸಲ ಕೇಳಿದ್ಲು."

"ನಿಜ ಬರೀ ಅಂತ ನೀನೇ ಹೇಳ್ತಿದ್ಯಲ್ಲಾ..." ಎಂದೆ.

ಈಗ ತಲೆ ಎತ್ತಿದ. ಕಣ್ಣುಗಳು ಕೆಂಪಾಗಿದ್ದವು. "ಈಗ್ಲೂ ಬೇಡ ಅನ್ನಲ್ಲ. ನನ್ನ ನಡುಗೋ ಕೈಯನ್ನೂ ಬಿಡ್ದೆ ಬರ್ದಿದೀಯ. ಆದ್ರೆ ಆ ದಂಡೆ ಮೇಲೆ ಇನ್ನೊಬ್ರು ಇದ್ರಲ್ಲ, ಅವರೆಲ್ಲಿ ಹೋದ್ರು?"

ಆ ದಿನ ಫೋನ್ ಮಾಡಿ ಅವನನ್ನು ದಂಡೆಗೆ ಕರೆದವಳು ನಾನು. ಅವನು ಬರಲಾಗುವುದಿಲ್ಲ ಎಂದರೂ, "ಹತ್ತೇ ನಿಮಿಷ, ಮುಖ ನೋಡಿ ವಾರ ಆಯ್ತು," ಎಂದು ಹಟ ಹಿಡಿದವಳು ನಾನು. ಹತ್ತು ನಿಮಿಷ ಒಂದು ಗಂಟೆಯಾಗಿತ್ತು. ಕಥೆಯಲ್ಲಿ ಅದನ್ನು ಹೇಳುವ ಪ್ಯಾರಾವನ್ನು ಎರಡು ಸಲ ಬರೆದು, ಎರಡು ಸಲವೂ ಹೊಡೆದುಹಾಕಿದ್ದೆ. ಅದಿಲ್ಲದಿದ್ದರೆ ಕಥೆ ಬಿಗಿಯಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಆ ಸಂಜೆ ನೇರವಾಗಿ ಅವನ ಅಕ್ಕನ ಮನೆಗೆ ಹೋದೆ. ಒಗೆದ ಬಟ್ಟೆ ಮಡಚುತ್ತಿದ್ದರು.

"ಅಕ್ಕಾ, ಅವತ್ತು ಅವನನ್ನ ಕರೆದೋಳು ನಾನು. ಬರಲ್ಲ ಅಂದ್ರೂ ಬಿಡ್ಲಿಲ್ಲ. ಕಥೆಯಲ್ಲಿ ಅದನ್ನ ಬರೆಯೋ ಧೈರ್ಯ ಬರ್ಲಿಲ್ಲ."

ಅವರ ಕೈ ನಿಂತಿತು. ಕೈಯಲ್ಲಿದ್ದ ಬಟ್ಟೆ ಪಕ್ಕಕ್ಕಿಟ್ಟು, "ನಾನು ಮಾತು ಬಿಟ್ರೂ ಅವನು ನಿನ್ನ ವಿಷಯ ಬಾಯಿ ಬಿಡ್ಲಿಲ್ಲ ನೋಡು," ಎಂದರು. "ನಿನ್ನ ಕ್ಷಮಿಸೋಕೆ ನಂಗೆ ಟೈಮ್ ಬೇಕು ಕಣಮ್ಮ. ಕಿಟಕೀಲಿ ನೋಡು, ಅವನು ಗೇಟಿನ ಹತ್ರ ನಿಂತಿದಾನೆ. ಒಳಗೆ ಕಳಿಸು."

ಅವನು ನನ್ನ ಹಿಂದೆಯೇ ಬಂದಿದ್ದನೆಂದು ನನಗೆ ಗೊತ್ತಾದದ್ದೇ ಆಗ. ಹೊರಗೆ ಗೇಟಿಗೆ ಬಂದೆ.

"ಹೇಳ್ಬಿಟ್ಯಾ?" ಎಂದ.

"ಹೂಂ. ನಿನ್ನ ಪ್ರೀತಿಸ್ತೀನಿ ಅನ್ನೋದೊಂದು ಬಿಟ್ಟು."

ಅವನು ನನ್ನ ಬೆರಳುಗಳನ್ನು ಗಟ್ಟಿಯಾಗಿ ಹಿಡಿದು ಬಿಟ್ಟ.

"ಒಳಗೆ ತುಂಬಾ ಹೊತ್ತಾಗುತ್ತೆ."

"ಆಗ್ಲಿ," ಎಂದು ಮೆಟ್ಟಿಲ ಮೇಲೆ ಕೂತೆ.