ಎಳ್ಳಮಾಸಿಯ ಒಪ್ಪಿಗೆ

ಆ ಮುಂಜಾನೆ ಘಟಪ್ರಭೆಯ ಮಂಜು ಗೋಕಾಕದ ಓಣಿಗಳಿಗೂ ಹೊಕ್ಕು ಕುಳಿತಿತ್ತು. ಚಳಿಗೆ ಮಾಳುವಿನ ಆಟೊ ಮೊಂಡು ಹಿಡಿದು, ಬೈಸಿಕೊಂಡ ಮೇಲೆ ಹೊರಟಿತು. ಹಿಂದೆ ಕುಳಿತವರು ಅನ್ನಪೂರ್ಣಾ ಅಕ್ಕಾರು. ಪೊಲೀಸ್ ಇನ್‌ಸ್ಪೆಕ್ಟರಾಗಿ ನಿವೃತ್ತರಾದವರು, ಊರಿನ ಬಿಡಿಸಲಾಗದ ಗಂಟುಗಳೆಲ್ಲ ಈಗಲೂ ಅವರ ಕಟ್ಟೆಗೇ ಬರುತ್ತಿದ್ದವು.

"ನಾಳಿ ಧಾರವಾಡ ಕೋರ್ಟಿನಾಗ ಸರ್ಕಾರ ಕೇಸು ಕೈಬಿಟ್ರ, ನಮ್ಮ ಘೋಡಗೇರಿ ಕುರಿ ಮೇಯೋ ಗಾಯರಾಣ ಮೂಡಲಗಿ ಕ್ರಷರ್ ಸಾಹುಕಾರನ ಪಾಲ್ರಿ. ಆತ ಸರ್ಕಾರದ ಕೇಸು ನಡಸೋ ಅಜಿತ ವಕೀಲರ ಹೆಂಡ್ತಿ ಅಣ್ಣ. ನಮ್ಮ ಕುರಿ ಎಲ್ಲಿ ಮೇಯಬೇಕ್ರಿ ಅಕ್ಕಾರ?" ಎಂದ ಮಾಳು.

ಸರ್ಕಾರದ ಮುಖ್ಯ ವಕೀಲರಾದ ವೀರಪ್ಪನವರು ಗೋಕಾಕದವರೇ. ಎದೆನೋವೆಂದು ಊರಿಗೆ ಬಂದು ಮಲಗಿದಾಗ ತಮ್ಮ ಅಧಿಕಾರವನ್ನು ಕಿರಿಯ ವಕೀಲ ಅಜಿತನಿಗೆ ಬರೆದುಕೊಟ್ಟಿದ್ದರು. ಕೇಸು ನಡೆಸುವುದು ನಿನ್ನದು, ಕೈಬಿಡುವುದಾದರೆ ಮಾತ್ರ ನನ್ನ ಬಾಯಿಂದಲೇ ಕೇಳು ಎಂಬುದು ಕಟ್ಟಳೆ. ಎಳ್ಳಮಾಸಿಯ, ಅಂದರೆ ಎಳ್ಳು ಅಮಾವಾಸ್ಯೆಯ ಮುಂಜಾನೆ ಕೈಬಿಡಲು ಒಪ್ಪಿದರೆಂದು ಅಜಿತ. ಇಲ್ಲವೆಂದು ಗುಮಾಸ್ತ ಬಸವಣ್ಣೆಪ್ಪ. ವೀರಪ್ಪ ಸಾಹೇಬರನ್ನೇ ಕೇಳೋಣವೆಂದರೆ ಮರುದಿನ ಪಾರ್ಶ್ವವಾಯು ಬಡಿದು, ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದರು.

ಸಾಹೇಬರ ಮನೆಯಲ್ಲಿ ಅವರ ಹೆಂಡತಿ ಶಿವವ್ವ ಕೋಣೆ ತೋರಿಸಿದಳು. ಮಂಚದ ಬಾಜೂ ಒಂದು ಹಿತ್ತಾಳೆ ಗಂಟೆ.

"ಎಳ್ಳಮಾಸಿ ದಿನಾ ನಾವೆಲ್ಲ ನಾಗನೂರ ಹೊಲಕ್ಕ ಭೂಮಿತಾಯಿಗೆ ಎಡಿ ಕೊಟ್ಟು ಚರಗಾ ಚೆಲ್ಲಾಕ ಹೋಗಿದ್ವಿ. ಏನರ ಬೇಕಾದ್ರ ಬಾರಿಸ್ಲಿ ಅಂತ ಇಟ್ಟಿದ್ದೆ. ಬಸವಣ್ಣೆಪ್ಪ ಪಡಸಾಲ್ಯಾಗ ಕುಂತಿದ್ದ."

ಪಡಸಾಲೆ ಬಾಗಿಲಾಚೆಯೇ ಇತ್ತು. "ಸಣ್ಣಗ ಕರದ್ರೂ ಕೇಳತೈತಿ. ಗಂಟಿ ಯಾಕಬೇ?" ಎಂದರು ಅಕ್ಕಾರು.

ಶಿವವ್ವ ತಲೆ ತಗ್ಗಿಸಿದಳು. "ಅದು ಅವರ, ದೇವರ ನಡುವಿನ ಮಾತ್ರಿ."

ಅಕ್ಕಾರು ಎಲ್ಲರನ್ನೂ ಪಡಸಾಲೆಗೆ ಕರೆಸಿದರು. ಅಜಿತ ಕುರ್ಚಿಯ ಮೇಲೆ ಕಾಲ ಮೇಲೆ ಕಾಲು ಹಾಕಿದ. "ನೌಕರಿ ಮುಗದ್ರೂ ಚಟಾ ಮುಗದಿಲ್ಲ ನಿಮಗ."

"ಸಾಹೇಬ್ರು ಬ್ಯಾಡಂತ ಕೈ ಆಡಿಸಿದ್ದು ಬಾಗಲ ಸಂದಿಲೆ ನೋಡೇನ್ರಿ," ಎಂದ ಬಸವಣ್ಣೆಪ್ಪ.

"ಹಿಂಗ ಹೇಳಾಕ ಘೋಡಗೇರಿಯಿಂದ ಟಗರು ಬಂದೈತೇನಲೇ ನಿನ್ನ ಮನಿಗೆ?" ಎಂದ ಅಜಿತ.

ಮಾಳುವಿನ ಮುಷ್ಟಿ ಬಿಗಿಯಿತು. ಅಕ್ಕಾರು ಕಣ್ಣಲ್ಲೇ ತಡೆದು, "ಸಾಹೇಬ್ರು ಏನಂದ್ರು, ಅವರ ಮಾತಿನಾಗ ಹೇಳ್ರಿ ವಕೀಲರ," ಎಂದರು.

"ಒಂದೀಟು ಕೆಮ್ಮಿದ್ರು. 'ಬರೇ ಕಲ್ಲಿನ ನೆಲ, ಬಿಟ್ಟಬಿಡು ಅಜಿತ' ಅಂದ್ರು. ಎರಡು ಸಲ ಅಂದ್ರು."

ಅಕ್ಕಾರು ಶಿವವ್ವನ ಕಡೆ ತಿರುಗಿದರು. "ವ್ರತ ಹೇಳಿಕೊಂಡ್ರ ಫಲ ಕೆಡತೈತಿ, ಖರೆ. ಆದ್ರ ಆಡದ ಮಾತು ಅವರ ಬಾಯಿಗೆ ಹಚ್ಚಿದ್ರ ಏನು ಉಳಿತೈತಿ, ತಂಗಿ?"

ಶಿವವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಮಾಸಿ ದಿನಾ ಸಂಜಿ ದೀಪ ಹಚ್ಚೂತನಕ ಮೌನ. ಮದುವ್ಯಾದಾಗಿಂದ ತಪ್ಪಿಲ್ಲ. ನನಗ, ಬಸವಣ್ಣೆಪ್ಪಗ ಬಿಟ್ರ ಯಾರಿಗೂ ಗೊತ್ತಿಲ್ಲ. ಹೇಳಬ್ಯಾಡಂತ ಆಣಿ ಹಾಕಿದ್ರು."

"ಮಾತಾಡೋ ಮನುಷ್ಯಾಗ ಗಂಟಿ ಬೇಕಿಲ್ಲ," ಎಂದರು ಅಕ್ಕಾರು. "ಅಮಾಸಿಗೆ ಅವರು ಕೋರ್ಟಿಗೆ ಬರೂದಿಲ್ಲ ಅನ್ನೂದಷ್ಟ ನಿಮಗ ಗೊತ್ತಿತ್ತು, ಅಜಿತ. ಕೈ ಆಡಿಸಿದ್ದು ಕಂಡು ನಿತ್ರಾಣ ಅಂದಕೊಂಡ್ರಿ. ಮರುದಿನ ಅವರಿಗೆ ಪ್ರಜ್ಞಿ ತಪ್ಪಿದ ಮ್ಯಾಲ ಕೇಳವರಿಲ್ಲಂತ ಮಾತು ಕಟ್ಟಿದ್ರಿ, ಕೆಮ್ಮು ಸೇರಿಸಿ. ಬಸವಣ್ಣೆಪ್ಪ ಸುಳ್ಳಗಾರ ಅನಿಸ್ಕೊಂಡ, ಆಣಿ ಮುರೀಲಿಲ್ಲ."

ಅಜಿತನ ಕಾಲು ತಾನಾಗಿ ಕೆಳಗಿಳಿಯಿತು. ಕೇಸು ಕೈಬಿಡಲು ಕೋರ್ಟಿಗೆಂದು ಸಿದ್ಧಮಾಡಿದ್ದ ಅರ್ಜಿಯನ್ನು ಬ್ಯಾಗಿನಿಂದ ತೆಗೆದು ಹರಿದ. ಮಾಳು ಗೋಡೆಗೆ ಒರಗಿ ಉಸಿರುಬಿಟ್ಟ.

ಆಮೇಲೆ ಅಜಿತ ಒಳಜೇಬಿನಿಂದ ಸಾಹೇಬರು ಬರೆದುಕೊಟ್ಟ ಅಧಿಕಾರಪತ್ರ ತೆಗೆದ. ಎದ್ದು ಹೋಗಿ, ಯಾರ ಮುಖವನ್ನೂ ನೋಡದೆ, ಅದನ್ನು ಶಿವವ್ವನ ಕೈಯಲ್ಲಿಟ್ಟ.