ಹಳದಿ ಚೌಕದ ಸಾಕ್ಷಿ

ಬೆಳಿಗ್ಗೆ ಒಂಬತ್ತಕ್ಕೆ ನಿಝಾರ್‌ನ ಹೆಣ ಸಿಕ್ಕಿತು. ಟ್ಯೂನಿಸ್‌ನ ಕಚೇರಿ ಕಟ್ಟಡದ ಹಿಂದೆ, ನಿಲ್ಲಿಸಿದ್ದ ಕಾರುಗಳ ನಡುವೆ. ಐದನೇ ಮಹಡಿಯ ಕಿಟಕಿ ತೆರೆದಿತ್ತು. ಮೇಜಿನ ಮೇಲೆ ಅವನ ಮೊಬೈಲ್. ಮುಖಪರದೆಯ ಮೇಲೆ ಕಂಪನಿಯದೇ ಟಿಪ್ಪಣಿ ಆ್ಯಪ್‌ನ ವಿಜೆಟ್‌ನಲ್ಲಿ, ಆ ಪುಟ್ಟ ಹಳದಿ ಚೌಕದಲ್ಲಿ ಒಂದೇ ಸಾಲು: "ಸಾಕಾಯಿತು. ಕ್ಷಮಿಸಿ."

ಇನ್ಸ್‌ಪೆಕ್ಟರ್ ಮುಂಜಿಯಾ ಎರಡು ಸಲ ಓದಿದಳು.

ಮಾಲೀಕ ಫೌಝಿ ಕಾಫಿ ಹೀರುತ್ತ ನಿಂತಿದ್ದ. "ಬೇಗ ಮುಗಿಸಿ ಮದಾಮ್. ಬಂಡವಾಳ ಹಾಕೋರು ಬರ್ತಿದ್ದಾರೆ."

"ಸತ್ತಿರೋದು ನಿಮ್ಮ ಎಂಜಿನಿಯರ್, ಫೌಝಿ ಅವರೇ."

"ಎಂಜಿನಿಯರ್ ಅಂತೆ! ಏನು ಹೇಳಿದ್ರೂ ಆಗಲ್ಲ ಅನ್ನೋ ಸೋಮಾರಿ. ನಿನ್ನೆ ಆ ಸಿರಿನ್ ಜೊತೆ ಜಗಳ ಬೇರೆ. ಅವಳನ್ನ ಕೇಳಿ."

"ಅವನು ಇದನ್ನ ಬರೆದದ್ದು ಯಾರಾದ್ರೂ ನೋಡಿದ್ರಾ?"

"ನಾನೇ. ಒಂಬತ್ತಕ್ಕೆ ಸ್ವಲ್ಪ ಮುಂಚೆ, ಗಾಜಿನಾಚೆ ಇದ್ದೆ. ಆ್ಯಪ್ ತೆಗೀಲೇ ಇಲ್ಲ, ಆ ಚೌಕದಲ್ಲೇ ಟೈಪ್ ಮಾಡಿದ. ನಾನು ಒಳಗೆ ಬರೋಷ್ಟರಲ್ಲಿ ಹಾರಿಬಿಟ್ಟ."

* * *

ಆ್ಯಪ್ ಪರೀಕ್ಷಿಸುವ ಸಿರಿನ್ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಳು.

"ಜಗಳ ನಿಜ. ಬಂಡವಾಳದೋರ ಮುಂದೆ ಬಾಯಿ ಬಿಡಬೇಡ, ಕೆಲಸ ಹೋಗತ್ತೆ ಅಂದೆ. ಕೇಳಲಿಲ್ಲ."

"ಏನು ಹೇಳೋನಿದ್ದ?"

"ವಿಜೆಟ್‌ನಲ್ಲೇ ಟೈಪ್ ಮಾಡ್ಬಹುದು ಅಂತ ಫೌಝಿ ಸರ್ ಮಾತು ಕೊಟ್ಟುಬಿಟ್ಟಿದ್ದಾರೆ. ಆಗಲ್ಲ ಮದಾಮ್. ಫೋನೇ ಬಿಡಲ್ಲ. ಚೌಕ ಮುಟ್ಟಿದ್ರೆ ಆ್ಯಪ್ ತೆರ್ಕೊಳತ್ತೆ, ಅಲ್ಲೇ ಬರೀಬೇಕು. ಎಷ್ಟು ಹೇಳಿದ್ರೂ ನೆಪ ಅಂತ ಬೈತಾರೆ."

ಬೆಳಿಗ್ಗೆ ಅವಳು ರೈಲಿನಲ್ಲಿದ್ದಳು. ಒಂಬತ್ತೂಕಾಲಿಗೆ ಬಂದದ್ದನ್ನು ಕಾವಲುಗಾರನೂ ನೋಡಿದ್ದ. ಅವನು ಇನ್ನೊಂದು ಮಾತೂ ಹೇಳಿದ: ಎಂಟೂವರೆಗೆ, ಕಟ್ಟಡದ ಹಿಂದೆ ನಿಂತಿದ್ದ ಒಂದು ಕಾರಿನ ಅಲಾರಂ ತಾನಾಗಿ ಕೂಗಿಕೊಂಡಿತ್ತು.

* * *

ಮುಂಜಿಯಾ ನಿಝಾರ್‌ನ ಮೊಬೈಲನ್ನು ಫೌಝಿಯ ಮುಂದಿಟ್ಟಳು.

"ಚೌಕದಲ್ಲೇ ಬರೀರಿ."

ಅವನು ಒತ್ತಿದ. ಆ್ಯಪ್ ತೆರೆಯಿತು. ಮುಚ್ಚಿ ಮತ್ತೆ ಒತ್ತಿದ. ಮತ್ತೆ ತೆರೆಯಿತು.

"ನಿಮ್ಮ ಜಾಹೀರಾತು ನಂಬಿದವರು ನೀವೊಬ್ಬರೇ," ಎಂದಳು ಮುಂಜಿಯಾ. "ಆಗದ ಕೆಲಸ ನೋಡಿದೆ ಅಂದಿರಿ. ಅಂದ್ರೆ ಏನೂ ನೋಡಿಲ್ಲ. ನಿಮ್ಮೆಲ್ಲರದೂ ಒಂದೇ ಪರೀಕ್ಷಾ ಖಾತೆ, ಕಚೇರಿಯ ಯಾವ ಕಂಪ್ಯೂಟರ್‌ನಲ್ಲಿ ಬರೆದ್ರೂ ಇಲ್ಲಿ ಕಾಣತ್ತೆ. ಸಿರಿನ್ ದಾಖಲೆ ತೆಗೆದಿದ್ದಾಳೆ. ಈ ಸಾಲು ಹೊರಟದ್ದು ನಿಮ್ಮ ಕಂಪ್ಯೂಟರ್‌ನಿಂದ, ಎಂಟು ನಲವತ್ತಕ್ಕೆ. ಅವನು ಕಾರಿಗೆ ಬಡಿದು ಬಿದ್ದದ್ದು ಎಂಟೂವರೆಗೆ, ಅದರ ಅಲಾರಂ ಕೂಗಿದಾಗ. ಸತ್ತವನು ಬರೆದನೇ?"

ಫೌಝಿ ತುಟಿ ಕಚ್ಚಿದ. "ಎಲ್ಲರ ಮುಂದೆ ನನ್ನನ್ನ ಸುಳ್ಳ ಅಂತಿದ್ದ. ಒಬ್ಬ ಸಂಬಳದ ಆಳು!"

ಕೈಗೆ ಬೇಡಿ ಬಿತ್ತು. ಬಾಗಿಲಲ್ಲಿ ಅವನು ಸಿರಿನ್ ಕಡೆ ತಿರುಗಿದ. "ಕಾಲು ಜಾರಿ ಬಿದ್ದ ಅಂತ ಹೇಳು. ನಿನ್ನನ್ನ ಮ್ಯಾನೇಜರ್ ಮಾಡ್ತೀನಿ."

ಸಿರಿನ್ ಕಣ್ಣೊರೆಸಿಕೊಂಡಳು.

"ಥೂ," ಎಂದಳು. "ನಡಿಯೋ."